ಹಕ್ಕಿಜ್ವರಕ್ಕೆ ಕೈವಾರವೇ ಮದ್ದು

ಬೆಂಗಳೂರಿನ ಯಾವುದೋ ಮೂಲೆಯಲ್ಲಿ ನಾಲ್ಕು ಕೋಳಿ ಕತ್ತು ವಾಲಿಸಿ ಸತ್ತವೆನ್ನಿ. ಸರ್ಕಾರ ಮೊದಲು ಕೈಗೆತ್ತಿಕೊಳ್ಳುವುದು ಔಷಧಿಯನ್ನಲ್ಲ, ಕೈವಾರವನ್ನು. ಕೋಳಿ ಸತ್ತ ಜಾಗದಲ್ಲಿ ಮುಳ್ಳು ಊರಿ ಒಂದು ವೃತ್ತ: 1 ಕಿಲೋಮೀಟರ್, ಸೋಂಕಿತ ವಲಯ, ಒಳಗಿರುವ ಕೋಳಿ ಬಾತು ಎಲ್ಲ ಖಲಾಸ್. ಅದರ ಸುತ್ತ ಇನ್ನೊಂದು: 10 ಕಿಲೋಮೀಟರ್, ಕಣ್ಗಾವಲು ವಲಯ. ಇಲ್ಲಿ ಕೋಳಿಗಳ ಮೇಲೆ ನಿಗಾ ಇಡಬೇಕು.

ಹೊಲ, ತೋಪು, ಮಧ್ಯೆ ಒಂದು ಫಾರಂ ಇರುವ ಕಡೆ ಈ ಲೆಕ್ಕ ಸರಿಯಾಗಿಯೇ ಕೂರುತ್ತದೆ. ಬೆಂಗಳೂರಿನಲ್ಲಿ 10 ಕಿಲೋಮೀಟರ್ ವೃತ್ತ ಎಳೆದರೆ ಅರ್ಧ ಊರು ಒಳಗೆ ಬಂತು. 2018ರ ಜನವರಿಯಲ್ಲಿ ಯಲಹಂಕ ಕಡೆಯ ದಾಸರಹಳ್ಳಿಯ ಒಂದು ಕೋಳಿ ಅಂಗಡಿಯಲ್ಲಿ ಹಕ್ಕಿಜ್ವರ ಪತ್ತೆಯಾದಾಗ ಎಳೆದದ್ದೂ ಇಂಥದೇ ವೃತ್ತ. ಆಗ ಊರಿಗೆ ಒಂದೇ ಪಾಲಿಕೆ. 2025ರ ಸೆಪ್ಟೆಂಬರಿನಿಂದ ಐದು. ಇನ್ನು ಮುಂದೆ ಕೋಳಿ ಉತ್ತರ ಪಾಲಿಕೆಯಲ್ಲಿ ಮಲಗಿ, ಪೂರ್ವ ಪಾಲಿಕೆಯಲ್ಲಿ ಮೊಟ್ಟೆ ಇಟ್ಟು, ರಾಜಕಾಲುವೆ ದಾಟಿ ಕೇಂದ್ರ ಪಾಲಿಕೆಯಲ್ಲಿ ಪ್ರಾಣ ಬಿಟ್ಟರೆ, ಕೈವಾರದ ಮುಳ್ಳು ಎಲ್ಲಿ ಊರುವುದೆಂದು ತೀರ್ಮಾನಿಸಲಿಕ್ಕೇ ಒಂದು ಸಮನ್ವಯ ಸಭೆ ಬೇಕು. ವೈರಸ್ ಮಾತ್ರ ಯಾವ ಸಭೆಗೂ ಕಾಯುವುದಿಲ್ಲ, ಅದಕ್ಕೆ ಒನ್‌ವೇ ಕೂಡ ಇಲ್ಲ.

ವೃತ್ತವನ್ನು ನಾನು ಹೀಯಾಳಿಸುತ್ತಿಲ್ಲ. ರೋಗ ಬಂದ ಮೇಲೆ ಅದನ್ನು ಅಲ್ಲೇ ಮುಗಿಸಲು ಬೇರೆ ದಾರಿಯಿಲ್ಲ ಎಂದು ಪಶುವೈದ್ಯರೇ ಹೇಳುತ್ತಾರೆ. ನಗು ಬರುವುದು, ಕೈವಾರ ಹೊರಬರುವ ಮೊದಲು ನಾವೆಲ್ಲ ಏನು ಮಾಡುತ್ತಿರುತ್ತೇವೆ ಎಂಬುದಕ್ಕೆ.

ಏನು ಮಾಡುತ್ತಿರುತ್ತೇವೆ? ತಟ್ಟೆಗೆ ಹೆದರುತ್ತಿರುತ್ತೇವೆ. ಹಕ್ಕಿಜ್ವರದ ಸುದ್ದಿ ಟಿವಿಯಲ್ಲಿ ಬಂದ ಸಂಜೆಯೇ ದೊನ್ನೆ ಬಿರಿಯಾನಿ ಹೋಟೆಲಿನಲ್ಲಿ ನೊಣವೂ ಇರುವುದಿಲ್ಲ. ಈ ವೈರಸ್ಸು 70 ಡಿಗ್ರಿ ಸೆಲ್ಸಿಯಸ್ ಶಾಖ ಮಾಂಸದ ಒಳಗಿನವರೆಗೂ ತಲುಪಿದರೆ ಸಾಯುತ್ತದೆ. ನಮ್ಮ ಮನೆಗಳಲ್ಲಿ ಕೋಳಿಸಾರನ್ನು ಕುದಿಸುವ ರೀತಿಗೆ ವೈರಸ್ ಹೋಗಲಿ, ಮೂಳೆಯೇ ಶರಣಾಗುತ್ತದೆ. ಆದರೂ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ 'ಯಾರೂ ಚಿಕನ್ ತಿನ್ನಬೇಡಿ, ದಯವಿಟ್ಟು ಎಲ್ಲರಿಗೂ ಕಳಿಸಿ' ಎಂಬ ಸಂದೇಶ ಹೊರಡುತ್ತದೆ. ಕಳಿಸಿದವರು ಕೋಳಿ ಮುಟ್ಟದೆ ಯುಗಾದಿಯವರೆಗೆ ಹೇಗೋ ತಡೆಯುತ್ತಾರೆ. ಮಾರನೇ ದಿನ ಹೊಸತೊಡಕು. ಅವತ್ತು ಬೆಳಗಿನ ಜಾವಕ್ಕೇ ಚೀಲ ಹಿಡಿದು ಅಂಗಡಿ ಮುಂದೆ ಸಾಲು. ಹಕ್ಕಿಜ್ವರವೂ ಸಾಲಿನಲ್ಲಿ ನಿಂತಿದ್ದರೆ ಅದಕ್ಕೂ ಟೋಕನ್ ಸಿಗುವುದು ಕಷ್ಟ.

ಬೆಂದ ಕೋಳಿಗೆ ಹೆದರುವ ಈ ಊರಿಗೆ ಬೇಯದ ಕೋಳಿಯ ಭಯವೇ ಇಲ್ಲ. ಅಂಗಡಿಯ ಎದುರು ಒಂದರ ಮೇಲೊಂದು ಪಂಜರ. ಮೇಲಿನ ಕೋಳಿಯ ಹಿಕ್ಕೆ ಕೆಳಗಿನದರ ತಲೆಯ ಮೇಲೆ. ಕತ್ತು ಕೊಯ್ದು ಡ್ರಮ್ಮಿಗೆ ಎಸೆದ ಕೋಳಿ ಒಳಗೆ ಪಟಪಟನೆ ಬಡಿದುಕೊಳ್ಳುವಾಗ ಹೊರಗೆ ನಿಂತವರು ಫೋನಿನಲ್ಲಿ 'ಸ್ಕಿನ್ ಔಟ್ ಹೇಳ್ಲಾ, ವಿತ್ ಸ್ಕಿನ್ ಹೇಳ್ಲಾ' ಎಂದು ಮನೆಯವರನ್ನು ಕೇಳುತ್ತಿರುತ್ತಾರೆ. ಪಂಜರ ಖಾಲಿಯಾದ ಮೇಲೆ ತೊಳೆಯದೆ ಅದೇ ಲಾರಿ ಹತ್ತಿ ಇನ್ನೊಂದು ಫಾರಮ್ಮಿಗೆ ಹೋಗುತ್ತದೆ. ರಾತ್ರಿ ಹತ್ತು ದಾಟಿದ ಮೇಲೆ ಪುಕ್ಕ, ಕರುಳು, ತಲೆ ಎಲ್ಲವೂ ಮೂಟೆಯಾಗಿ ಕೆರೆ ಏರಿಯ ಮೇಲೆ ಬೀಳುತ್ತವೆ. ಹಾಕಿದವರು ಯಾರೆಂದು ಇಡೀ ಬೀದಿಗೆ ಗೊತ್ತು. ಸಿಸಿ ಕ್ಯಾಮೆರಾಕ್ಕೆ ಮಾತ್ರ ಗೊತ್ತಾಗುವುದಿಲ್ಲ, ಅದು ಕೆಟ್ಟಿದೆ.

ಬೆಳಗಾದರೆ ಅದೇ ಕೆರೆಗೆ ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತ ಸಜ್ಜನರು ಬರುತ್ತಾರೆ. ಚಳಿಗಾಲಕ್ಕೆ ಉತ್ತರದಿಂದ ಬಂದ ಬಾತುಗಳ ಫೋಟೋ ಹಿಡಿದು, ಹಕ್ಕಿಜ್ವರ ತರುವುದು ಈ ಹೊರಗಿನವುಗಳೇ ಎಂದು ನಿಟ್ಟುಸಿರು ಬಿಡುತ್ತಾರೆ. ಕಾಡು ನೀರುಹಕ್ಕಿಗಳಲ್ಲಿ ಈ ವೈರಸ್ ಇರುತ್ತದೆ, ಅವುಗಳ ಹಿಕ್ಕೆಯಿಂದ ನೀರಿಗೂ ಸೇರುತ್ತದೆ, ತಣ್ಣನೆಯ ನೀರಿನಲ್ಲಿ ಹೆಚ್ಚು ದಿನ ಬದುಕುತ್ತದೆ. ಎಲ್ಲ ನಿಜ. ಆದರೆ ಏರಿಯ ಮೇಲೆ ಕೋಳಿಕರುಳಿನ ಅನ್ನಸಂತರ್ಪಣೆ ಇಟ್ಟು ಹದ್ದು, ಕಾಗೆ, ನಾಯಿಗಳನ್ನೆಲ್ಲ ಊಟಕ್ಕೆ ಕರೆದದ್ದು ಸೈಬೀರಿಯಾದವರೇ?

ಇನ್ನು ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯ ವಿಷಯಕ್ಕೆ ಬರೋಣ. ಇದು ಹಿಂದೆ ಹಳ್ಳಿಯಾಗಿತ್ತು, ಈಗ ಬಡಾವಣೆ. ಅಜ್ಜಿ ಮಾತ್ರ ಹಳ್ಳಿಯಾಗಿಯೇ ಉಳಿದಿದ್ದಾರೆ. ಒಂದು ಹುಂಜ, ಎಂಟೊಂಬತ್ತು ನಾಟಿ ಹೇಂಟೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಬೆಳೆಸಿದ ಗಿರಿರಾಜ ತಳಿಯ ಒಂದು ಜೋಡಿ. ಹಿತ್ತಲಲ್ಲಿ ಕೋಳಿ ಸಾಕುವವರಿಗೆಂದು ಅಚ್ಚು ಹಾಕಿಸಿದ ಕರಪತ್ರವೊಂದನ್ನು ಮೊಮ್ಮಗ ಅವರಿಗೆ ಓದಿ ಹೇಳುತ್ತಿದ್ದ. ನಾನು ಗೇಟಿನ ಹತ್ತಿರವೇ ನಿಂತಿದ್ದೆ.

"ಅಜ್ಜಿ, ಕೋಳಿನ ಹೊರಗೆ ಬಿಡಬಾರದಂತೆ. ಮೇಲೆ, ಸುತ್ತ ಬಲೆ ಕಟ್ಟಬೇಕಂತೆ."

"ಕಟ್ಟಾನ. ನಿಮ್ಮಪ್ಪ ಸೊಳ್ಳೆ ಪರದೆಗೇ ಕಾಸು ಬಿಚ್ಚಲ್ಲ."

"ಹೊಸ ಕೋಳಿ ತಂದ್ರೆ ಎರಡು ಮೂರು ವಾರ ಬೇರೆ ಕಡೆ ಇಡಬೇಕಂತೆ."

"ಟ್ವೆಂಟಿ ತರ್ಟಿ ಸೈಟಲ್ಲಿ ಬೇರೆ ಕಡೆ ಎಲ್ಲೈತೆ ಮಗಾ? ನಂಗೇ ಬೇರೆ ರೂಮಿಲ್ಲ."

"ಕಾಳು ನೀರು ಗೂಡಿನ ಒಳಗೇ ಇಡಬೇಕಂತೆ, ಕಾಗೆ ಗೀಗೆ ಬಾಯಿ ಹಾಕದಂಗೆ."

ಅಜ್ಜಿ ಇದಕ್ಕೆ ತಲೆಯಾಡಿಸಿದರು. ಅಂಗಳದಲ್ಲಿ ಚೆಲ್ಲಿದ ಅನ್ನಕ್ಕೆ ಬರುವ ಕಾಗೆಗಳ ಬಗ್ಗೆ ಅವರಿಗೆ ಹಳೆಯ ಸಿಟ್ಟಿತ್ತು. ಮರಿ ಕಳೆದುಕೊಂಡವರ ಸಿಟ್ಟು ಅದು.

"ಗೂಡಿಗೆ ಹೋಗೋಕೆ ಬೇರೆ ಚಪ್ಪಲಿ ಇಟ್ಕೋಬೇಕಂತೆ."

ಇಲ್ಲಿ ಅಜ್ಜಿ ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಇಡೀ ಕರಪತ್ರದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಮಾತು ಅದೇ. ದೇವರ ಮನೆಗೆ, ಅಡುಗೆ ಮನೆಗೆ, ಡಾಕ್ಟರ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ ಜನ ನಾವು. ಕೋಳಿ ಗೂಡಿಗೆ ಮಾತ್ರ, ಕೋಳಿ ಅಂಗಡಿಯ ನೆಲ ತುಳಿದು ಬಂದ ಅದೇ ಹವಾಯಿಯಲ್ಲಿ ನುಗ್ಗುತ್ತೇವೆ. ಹಿಕ್ಕೆ ಅಂಟಿದ ಅಟ್ಟೆಯಷ್ಟು ಸಲೀಸಾದ ವಾಹನ ವೈರಸ್ಸಿಗೆ ಇನ್ನೊಂದಿಲ್ಲ. ಅಗ್ಗಕ್ಕೆ ಸಿಗುವ ಇನ್ನೊಂದು ಜೊತೆ ರಬ್ಬರ್ ಚಪ್ಪಲಿಯನ್ನು ಗೂಡಿನ ಬಾಗಿಲಲ್ಲೇ ಬಿಟ್ಟರೆ ಮುಗಿಯಿತು. ಉದ್ಘಾಟನೆ ಮಾಡಲು, ರಿಬ್ಬನ್ ಕತ್ತರಿಸಲು ಏನೂ ಇಲ್ಲದ ಇಂಥ ಕ್ರಮ ಸರ್ಕಾರಿ ಪ್ರಚಾರದಲ್ಲಿ ಎದ್ದು ಕಾಣದಿರುವುದು ಸಹಜ. ಎದ್ದು ಕಾಣುವುದು ಬ್ಲೀಚಿಂಗ್ ಪೌಡರ್. ಸಾಹೇಬರ ಕಾರು ಬರುವ ರಸ್ತೆಯ ಎರಡೂ ಅಂಚಿಗೆ ಬೆಳ್ಳಗೆ ಗೆರೆ ಎಳೆದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಹಿಕ್ಕೆ ಕೆರೆದು ತೆಗೆದು, ತೊಳೆದು, ಆಮೇಲೆ ಹಾಕಿದರಷ್ಟೇ ಅದು ಕೆಲಸ ಮಾಡುವುದು. ಹಿಕ್ಕೆಯ ಮೇಲೆಯೇ ಉದುರಿಸಿದರೆ ವೈರಸ್ಸಿಗೆ ಕಂಬಳಿ ಹೊದಿಸಿದ ಹಾಗೆ.

ಅಷ್ಟಕ್ಕೂ ಬಲೆ, ಬೇಲಿ, ಗೇಟು ಎಲ್ಲ ಇದ್ದವರ ಕತೆ ಏನಾಯಿತು? 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪಕ್ಕ ಹಕ್ಕಿಜ್ವರ ಕಾಣಿಸಿಕೊಂಡದ್ದು ಯಾವ ಅಜ್ಜಿಯ ಹಿತ್ತಲಲ್ಲೂ ಅಲ್ಲ. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ, ಅಲ್ಲಿನ ಟರ್ಕಿ ಕೋಳಿಗಳಲ್ಲಿ. ಕೋಳಿ ಸಾಕುವುದು ಹೇಗೆಂದು ರೈತರಿಗೆ ತರಬೇತಿ ಕೊಡುವ ಜಾಗ ಅದು. ಕೈವಾರ ಬಂತು, ಸಾವಿರಾರು ಹಕ್ಕಿಗಳು ಗುಂಡಿಗೆ ಹೋದವು.

ಅಜ್ಜಿಯ ಕಷ್ಟ ಬೇರೆ. ಕೋಳಿ ತೂಕಡಿಸಿದರೆ ಅವರಿಗೆ ಅದು ಕೊಕ್ಕರೆ ರೋಗ, ಅಂದರೆ ಪುಸ್ತಕದ ರಾಣಿಖೇತ್. ಅದಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಬಹುದು. ಮಾರಕ ಹಕ್ಕಿಜ್ವರಕ್ಕೆ ನಮ್ಮ ದೇಶದಲ್ಲಿ ಕೋಳಿಗಳಿಗೆ ಲಸಿಕೆ ಹಾಕುವ ಪದ್ಧತಿಯಿಲ್ಲ. ಎರಡರ ಲಕ್ಷಣವೂ ಹೆಚ್ಚುಕಡಿಮೆ ಒಂದೇ: ಸುಸ್ತು, ಮುಖ ಊತ, ಜುಟ್ಟು ನೀಲಿ, ಹಸಿರು ಭೇದಿ, ಇಲ್ಲವೇ ಏನೂ ತೋರಿಸದೆ ದಢಕ್ಕನೆ ಸಾವು. ಯಾವುದೆಂದು ಕೊನೆಯ ಮಾತು ಹೇಳಬೇಕಾದದ್ದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ. ಅಲ್ಲಿಗೆ ಮಾದರಿ ಹೋಗಿ ಫಲಿತಾಂಶ ಬರುವ ಹೊತ್ತಿಗೆ, ಸತ್ತ ಕೋಳಿಯನ್ನು ಹೂಳುವ ಬದಲು ಸಾರಿಗೆ ಹಾಕಿದ ಮನೆಯಲ್ಲಿ ಪಾತ್ರೆಯೂ ತೊಳೆದಾಗಿರುತ್ತದೆ. ಬೆಂದ ಸಾರು ಅಪಾಯವಲ್ಲ, ಸತ್ತದ್ದನ್ನು ಬರಿಗೈಯಲ್ಲಿ ಪುಕ್ಕ ತರಿದು ಕೊಯ್ಯುವುದು ಅಪಾಯ. ಮನುಷ್ಯರಿಗೆ ಅಂಟುವುದು ಅಪರೂಪ, ಅಂಟಿದರೆ ಹೆಚ್ಚಾಗಿ ಅಂಟುವುದು ಹೀಗೆ.

ಮೊಮ್ಮಗ ಕರಪತ್ರದ ಕೊನೆಗೆ ಬಂದಿದ್ದ. ಕೋಳಿ ಒಟ್ಟೊಟ್ಟಿಗೆ ಸತ್ತರೆ ಮುಟ್ಟದೆ, ರಾಜಕಾಲುವೆಗೆ ಎಸೆಯದೆ, ಪಶು ಆಸ್ಪತ್ರೆಗೆ ಇಲ್ಲವೇ ಸಹಾಯವಾಣಿ 1962ಕ್ಕೆ ಫೋನ್ ಮಾಡಬೇಕು.

"ಮಾಡಿದ್ರೆ?"

"ಬಂದು ನೋಡ್ತಾರೆ. ಅದೇ ರೋಗ ಅಂತಾದ್ರೆ ಉಳಿದಿದ್ದನ್ನೂ ಕೊಂದು ಹೂಳ್ತಾರೆ, ದುಡ್ಡು ಕೊಡ್ತಾರೆ."

"ಸತ್ತಿದ್ದಕ್ಕೂ ಕೊಡ್ತಾರಾ?"

ಹುಡುಗ ನನ್ನ ಕಡೆ ನೋಡಿದ. ಇಲ್ಲ ಅಜ್ಜಿ, ಸರ್ಕಾರ ಕೊಂದದ್ದಕ್ಕೆ ಮಾತ್ರ ಪರಿಹಾರ, ರೋಗ ಕೊಂದದ್ದಕ್ಕಿಲ್ಲ ಎಂದು ನಾನೇ ಹೇಳಬೇಕಾಯಿತು. ಈ ರೋಗ ಒಂದೆರಡು ದಿನದಲ್ಲೇ ಗೂಡು ಖಾಲಿ ಮಾಡಬಲ್ಲದು ಎಂಬುದನ್ನೂ ಸೇರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಕಾಂಪೌಂಡಿನ ಮೇಲೆ ಕೂತಿದ್ದ ಹುಂಜದ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನ್ಲಾ? ನಿಂಗೇನಾದ್ರೂ ಬಂದ್ರೆ ದಮ್ಮು ಹಿಡ್ಕೊಂಡಿರು, ಸಾಹೇಬ್ರು ಬರೋ ಗಂಟ ಸಾಯಬ್ಯಾಡ" ಎಂದರು.