ಸಹಾನುಭೂತಿಯ ಪಾಠ ವಾರ್ಡಿನಲ್ಲೇ ಆಗಬೇಕು

ನಿನ್ನೆ ಬೆಳಿಗ್ಗೆ ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಂಡದ್ದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ನಮ್ಮ ಚಿಕ್ಕಮ್ಮ ಅಲ್ಲಿ ದಾಖಲಾಗಿದ್ದಾರೆ. ವಿದ್ಯಾರ್ಥಿಗಳ ದೊಡ್ಡ ಗುಂಪಿನೊಂದಿಗೆ ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಪರದೆ ಎಳೆಸದೆ, ಅವರನ್ನು ಒಂದು ಮಾತೂ ಕೇಳದೆ, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಬ್ಯಾಂಡೇಜ್ ಬಿಚ್ಚಿಸಿ, ಹುಣ್ಣಿನ ಅಂಚನ್ನು ತೋರಿಸುತ್ತ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಪಾಠ ಚೆನ್ನಾಗಿಯೇ ಇತ್ತು. ಆದರೆ ನಡುವೆ ಬಂದ ‘ಆಂಪ್ಯುಟೇಶನ್’ ಎಂಬ ಪದ ಚಿಕ್ಕಮ್ಮನಿಗೆ ಗೊತ್ತಿತ್ತು. ಪಕ್ಕದ ಹಾಸಿಗೆಯವರಿಗೆ ಆಗಿದ್ದೂ ಅದೇ. “ಕಾಲು ತೆಗೀತೀರಾ ಡಾಕ್ಟ್ರೇ?” ಎಂದು ಅವರು ಕೇಳುವಷ್ಟರಲ್ಲಿ ತಂಡ ಮುಂದಿನ ಹಾಸಿಗೆಗೆ ಹೋಗಿಯಾಗಿತ್ತು.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು ಎಂಬುದು ನಿಮಗೆಲ್ಲ ತಿಳಿದೇ ಇದೆ. ವಾರ್ಡಿನ ಅವಸರ ನನಗೆ ಹೊಸದಲ್ಲ. ಆದರೂ ರೋಗಿಯ ಕಡೆಯವಳಾಗಿ ಆ ಸ್ಟೂಲಿನ ಮೇಲೆ ಕುಳಿತಿದ್ದಾಗ ಸಿಟ್ಟಿಗೆ ಕೈ ನಡುಗಿತೇ ಹೊರತು ಬಾಯಿಂದ ಮಾತು ಹೊರಡಲಿಲ್ಲ. ಈ ವೃತ್ತಿಯಲ್ಲೇ ಬಾಳು ಕಳೆದ ನನಗೇ ಹೀಗಾದರೆ, ಊರಿನಿಂದ ಬಸ್ಸು ಹತ್ತಿ ಬಂದು, ಯಾರನ್ನು ಏನು ಕೇಳಬೇಕೆಂದೂ ತಿಳಿಯದೆ ಕುಳಿತವರ ಪಾಡೇನು?

ಪಠ್ಯದಲ್ಲಿ ಈ ವಿಷಯ ಇಲ್ಲ ಎನ್ನುವಂತಿಲ್ಲ. ಮನೋಭಾವ, ನೀತಿ ಮತ್ತು ಸಂವಹನವನ್ನು ಕಲಿಸಲೆಂದೇ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಎಟ್‌ಕಾಮ್’ ಎಂಬ ಪಠ್ಯಭಾಗವನ್ನು ರೂಪಿಸಿತು. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಅದು ಜಾರಿಗೆ ಬಂದಿದೆ. ರೋಗಿಯಾಗಿರುವುದೆಂದರೇನು ಎಂಬುದು ಮೊದಲ ವರ್ಷದ ಪಾಠಗಳಲ್ಲೇ ಒಂದು. ಅದನ್ನು ಬರೆದವರ ಬಗ್ಗೆ ನನಗೆ ಗೌರವವಿದೆ. ಆದರೆ ತರಗತಿಯಲ್ಲಿ ಆ ಪಾಠ ಕೇಳಿ, ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡ ಹುಡುಗ ವಾರ್ಡಿಗೆ ಬಂದು ನೋಡುವುದೇನನ್ನು? ತಾನು ಯಾರಂತೆ ಆಗಬೇಕೆಂದು ಕನಸು ಕಾಣುತ್ತಾನೋ ಅವರೇ ಪರದೆ ಎಳೆಯದೆ ರೋಗಿಯ ಮೈ ಮುಟ್ಟುವುದನ್ನು. ಅವನು ಕಲಿಯುವುದು ಇದನ್ನೇ.

ಇದು ನನ್ನೊಬ್ಬಳ ಊಹೆಯಲ್ಲ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೊಜತ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷ ವರ್ಷವೂ ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ಗಣನೀಯವಾಗಿ ಕುಸಿದದ್ದು ಮೂರನೆಯ ವರ್ಷದಲ್ಲಿ, ಅಂದರೆ ಪುಸ್ತಕ ಬಿಟ್ಟು ರೋಗಿಗಳ ಬಳಿಗೆ ಬಂದ ಹೊತ್ತಿನಲ್ಲಿ. ಅದೇ ತಂಡದ 2011ರ ಇನ್ನೊಂದು ಅಧ್ಯಯನವು, ಹೆಚ್ಚು ಸಹಾನುಭೂತಿಯುಳ್ಳ ವೈದ್ಯರ ಬಳಿ ಚಿಕಿತ್ಸೆ ಪಡೆದ ಮಧುಮೇಹಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು ಎಂದು ತೋರಿಸಿತು. ಚಿಕ್ಕಮ್ಮನ ಕಾಲನ್ನು ನೋಡುತ್ತ ಕುಳಿತವಳಿಗೆ ಈ ಮಾತು ಬರೀ ಓದಿದ ಸಂಗತಿಯಾಗಿ ಉಳಿಯುವುದಿಲ್ಲ.

ಸಮಯವೆಲ್ಲಿದೆ ಎಂದು ಕೇಳುವವರಿದ್ದಾರೆ. ಒಪಿಡಿಯ, ಅಂದರೆ ಹೊರರೋಗಿ ವಿಭಾಗದ, ಸಾಲು ಮೆಟ್ಟಿಲಿನವರೆಗೆ ಬಂದಿರುತ್ತದೆ, ಪಿಜಿಗಳು (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ ಎಂಬುದು ಸುಳ್ಳಲ್ಲ. ಆದರೆ ಪರದೆ ಎಳೆಯಲು ಎಷ್ಟು ಹೊತ್ತು ಬೇಕು? “ಅಮ್ಮಾ, ಹುಡುಗರಿಗೆ ಗಾಯ ತೋರಿಸ್ಲಾ?” ಎಂದು ಕೇಳಲು? 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಸಂಶೋಧಕರು, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಾರೆ ಎಂದು ಕಂಡುಕೊಂಡರು. ಪೂರ್ತಿ ಹೇಳಲು ಬಿಟ್ಟಾಗ ಯಾರೂ ಎರಡೂವರೆ ನಿಮಿಷ ಮೀರಲಿಲ್ಲ. ಸಮಯದ ಸಬೂಬನ್ನು ನಾನು ಒಪ್ಪುವುದಿಲ್ಲ. ಕರುಣೆ ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವುದಲ್ಲ ಎಂಬ ಮಾತನ್ನಂತೂ ಕೇಳಲೂ ಸಿದ್ಧಳಿಲ್ಲ; ಸೂಜಿ ಚುಚ್ಚುವುದನ್ನು ಕಲಿಸುವವರು ಚುಚ್ಚುವ ಮುನ್ನ ಹೇಳುವುದನ್ನೂ ಕಲಿಸಬಲ್ಲರು.

ಆ ಗುಂಪಿನಲ್ಲಿ ಒಬ್ಬ ಹುಡುಗಿ ಹಿಂದೆ ಉಳಿದು ಚಿಕ್ಕಮ್ಮನ ಸೀರೆಯನ್ನು ಪಾದದವರೆಗೆ ಇಳಿಸಿ, “ಅಜ್ಜೀ, ನಂಗೂ ಸರಿಯಾಗಿ ಗೊತ್ತಿಲ್ಲ, ಕೇಳ್ಕೊಂಡು ಬಂದು ಹೇಳ್ತೀನಿ” ಎಂದಳು. ಸಂಜೆ ಪಿಜಿಯೊಬ್ಬರನ್ನು ಕರೆದುಕೊಂಡೇ ಬಂದಳು. ಮೊದಲು ಸತ್ತ ಚರ್ಮವನ್ನು ತೆಗೆದು ಗಾಯ ಸ್ವಚ್ಛ ಮಾಡುತ್ತಾರೆ, ಕಾಲಿನ ರಕ್ತಸಂಚಾರವನ್ನು ಡಾಪ್ಲರ್ ಎಂಬ ಸ್ಕ್ಯಾನಿನಲ್ಲಿ ನೋಡುತ್ತಾರೆ, ಕಾಲು ತೆಗೆಯುವ ಮಾತು ಈಗಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಬೆಳಿಗ್ಗೆಯಿಂದ ನೀರನ್ನೂ ಮುಟ್ಟದಿದ್ದ ಚಿಕ್ಕಮ್ಮ ಆಮೇಲೆ ಎರಡು ಇಡ್ಲಿ ತಿಂದರು. ಆ ಹುಡುಗಿಯ ಈ ನಡತೆಗೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ, ಅವಳ ಗುರುಗಳಿಗೆ ಅದು ಗೊತ್ತೂ ಆಗುವುದಿಲ್ಲ ಎಂಬುದೇ ನನ್ನ ಸಂಕಟ.

ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯ ಪಾತ್ರ ವಹಿಸುವವರನ್ನು ಕೂರಿಸಿ ಸಂವಹನವನ್ನು ಅಳೆಯುವ ಕ್ರಮ ಜಗತ್ತಿಗೆ ಹೊಸದಲ್ಲ. ಅಮೆರಿಕದ ವೈದ್ಯ ಹೊವಾರ್ಡ್ ಬ್ಯಾರೋಸ್ 1960ರ ದಶಕದಲ್ಲೇ ಅಂಥವರಿಗೆ ತರಬೇತಿ ಕೊಟ್ಟಿದ್ದರು. ಹವ್ಯಾಸಿ ರಂಗಭೂಮಿ ಇಷ್ಟು ಗಟ್ಟಿಯಾಗಿರುವ ಬೆಂಗಳೂರಿನಲ್ಲಿ ಕನ್ನಡದಲ್ಲಿ ಆ ಪಾತ್ರ ಮಾಡುವವರಿಗೆ ಬರವಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳೆಲ್ಲವಕ್ಕೂ ಇದನ್ನು ಕಡ್ಡಾಯ ಮಾಡಲಿ, ಅಂಕ ಕೊಡುವಾಗ ಆ ‘ರೋಗಿ’ಯ ಮಾತಿಗೂ ಬೆಲೆ ಇರಲಿ. ಅದಕ್ಕೂ ಮೊದಲು ರೌಂಡ್ಸ್ ನಡೆಸುವ ಅಧ್ಯಾಪಕರನ್ನೇ ವಾರ್ಡಿನಲ್ಲಿ ಗಮನಿಸಿ, ರೋಗಿಗಳ ಅಭಿಪ್ರಾಯ ಪಡೆದು, ಅದನ್ನು ಅವರ ಬಡ್ತಿಯ ಕಡತಕ್ಕೆ ಸೇರಿಸಲಿ.