ಫೆಬ್ರವರಿ ಬಲ್ಲ ಗಡಿಯಾರ

ಮುಷ್ಟಿ ಬಿಗಿದು ಗೆಣ್ಣುಗಳನ್ನು ಎಣಿಸದೆ, ಜೂನ್ ತಿಂಗಳಿಗೆ ಮೂವತ್ತು ದಿನವೋ ಮೂವತ್ತೊಂದೋ ಎಂದು ಹೇಳಲು ನನಗೆ ಈ ವಯಸ್ಸಿನಲ್ಲೂ ಬರುವುದಿಲ್ಲ. ಶತಮಾನ ದಾಟಿದ ಗಡಿಯಾರಕ್ಕೆ ಬರುತ್ತದೆ. ಹಳೆಯ ಕ್ಯಾಲೆಂಡರ್ ಗಡಿಯಾರಗಳ ಹುಚ್ಚು ನನಗೆ ಹಿಡಿದದ್ದು ಬಹುಶಃ ಆ ಹೊಟ್ಟೆಕಿಚ್ಚಿನಿಂದಲೇ.

ಇವುಗಳಲ್ಲಿ ಎರಡು ಜಾತಿ. ಸರಳ ಜಾತಿಯದಕ್ಕೆ ಎಲ್ಲ ತಿಂಗಳೂ ಒಂದೇ. ಡಯಲಿನ ಅಂಚಿನಲ್ಲಿ 1ರಿಂದ 31ರವರೆಗೆ ಅಂಕಿಗಳು. ಉದ್ದನೆಯ ಮುಳ್ಳೊಂದು ದಿನಕ್ಕೊಂದು ಮನೆ ದಾಟುತ್ತದೆ. ಯಜಮಾನ ಮರೆತರೆ ಏಪ್ರಿಲ್ 31 ಕೂಡ ಹುಟ್ಟಿಬಿಡುತ್ತದೆ. ಇನ್ನೊಂದು ಶಾಶ್ವತ ಕ್ಯಾಲೆಂಡರಿನದು. ಅದಕ್ಕೆ ಯಾರೂ ನೆನಪಿಸಬೇಕಾಗಿಲ್ಲ.

ನನ್ನಲ್ಲಿರುವುದು ಈ ಎರಡನೆಯ ಜಾತಿಯದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ತಯಾರಾದದ್ದು. ಮೇಲೊಂದು ಡಯಲ್ ಗಂಟೆಗೆ, ಕೆಳಗೊಂದು ದಿನಾಂಕಕ್ಕೆ. ಕೆಳಗಿನದರ ಎರಡು ಪುಟ್ಟ ಕಿಟಕಿಗಳಲ್ಲಿ ವಾರ, ತಿಂಗಳುಗಳ ಹೆಸರು ಇಣುಕುತ್ತವೆ. ಅವು ಹಿಂದಿನ ಉರುಳೆಗಳಿಗೆ ಸುತ್ತಿದ ಕಾಗದದ ಮೇಲೆ ಅಚ್ಚಾಗಿವೆ. ಡಯಲಿನ ಮೇಲೆ ಹೆನ್ರಿ ಬಿ. ಹಾರ್ಟನ್ ಪಡೆದ ಪೇಟೆಂಟುಗಳ ದಿನಾಂಕಗಳಿವೆ: 1865, 1866. ಅದನ್ನೇ ಗಡಿಯಾರದ ಹುಟ್ಟಿದ ವರ್ಷವೆಂದು ನಂಬಿ ಬೀಗುವವರಿದ್ದಾರೆ. ಇಥಾಕಾ ಕ್ಯಾಲೆಂಡರ್ ಕ್ಲಾಕ್ ಕಂಪನಿ ಶುರುವಾದದ್ದೇ 1868ರಲ್ಲಿ. ನಾನೂ ಮೊದಲ ವಾರ ಬೀಗಿದ್ದೆ.

ಒಳಗಿನ ಉಪಾಯ ಸರಳ. ಗಂಟೆಯ ಮುಳ್ಳು ದಿನಕ್ಕೆ ಎರಡು ಸುತ್ತು ಬರುವುದರಿಂದ, ಅದರಿಂದ ತಿರುಗುವ ಇನ್ನೊಂದು ಚಕ್ರಕ್ಕೆ ಎರಡು ಪಟ್ಟು ಹಲ್ಲು ಕೊಟ್ಟಿದ್ದಾರೆ. ಅದು ದಿನಕ್ಕೆ ಒಂದೇ ಸುತ್ತು. ಸಂಜೆಯಿಂದ ಅದು ಒಂದು ತಂತಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ, ನಡುರಾತ್ರಿಯ ಹೊತ್ತಿಗೆ ಕೈಬಿಡುತ್ತದೆ. ಟಕ್. ಕೆಳಗೆ ದಿನ ಬದಲಾಗುತ್ತದೆ. ತಿಂಗಳ ಲೆಕ್ಕವಿರುವುದು ವರ್ಷಕ್ಕೊಮ್ಮೆ ಸುತ್ತುವ ಚಕ್ರದ ಅಂಚಿನಲ್ಲಿ: ಮೂವತ್ತೊಂದು ದಿನದ ತಿಂಗಳಿಗೆ ಅಂಚು ನುಣುಪು, ಮೂವತ್ತಕ್ಕೆ ಸಣ್ಣ ಕಚ್ಚು, ಫೆಬ್ರವರಿಗೆ ಆಳವಾದ ಕಚ್ಚು. ಲಿವರ್ ಎಷ್ಟು ಆಳಕ್ಕೆ ಬೀಳುತ್ತದೋ ಮುಳ್ಳು ಅಷ್ಟು ಮನೆಗಳನ್ನು ಹಾರುತ್ತದೆ. ಅಧಿಕ ವರ್ಷಕ್ಕೆಂದು ನಾಲ್ಕು ವರ್ಷಕ್ಕೊಮ್ಮೆ ಸುತ್ತುವ ಪುಟ್ಟ ಬಿಲ್ಲೆ ಬಂದು ಆ ಕಚ್ಚನ್ನು ಒಂದು ದಿನದಷ್ಟು ತುಂಬುತ್ತದೆ. ಮೂವತ್ತು ದಿನವೂ ಸಿಗದ ತಿಂಗಳ ಕೊರತೆಯನ್ನು ಹಿತ್ತಾಳೆಯಲ್ಲಿ ಬೆರಳಿನಿಂದ ಮುಟ್ಟಿ ನೋಡಬಹುದೆಂದು ನಾನು ಎಣಿಸಿರಲಿಲ್ಲ.

ಶಾಶ್ವತ ಎಂಬ ಮಾತು ಮಾತ್ರ ತುಸು ಉತ್ಪ್ರೇಕ್ಷೆ. ಶತಮಾನದ ವರ್ಷ 400ರಿಂದ ಭಾಗವಾಗದಿದ್ದರೆ ಅದು ಅಧಿಕ ವರ್ಷವಲ್ಲ ಎಂಬ 1582ರ ತಿದ್ದುಪಡಿ ಈ ಬಿಲ್ಲೆಗೆ ಗೊತ್ತಿಲ್ಲ. 1900ರಲ್ಲಿ ಅದು ಇಲ್ಲದ ಫೆಬ್ರವರಿ 29ನ್ನು ತೋರಿಸಿರಬೇಕು. 2100ರಲ್ಲೂ ತೋರಿಸುತ್ತದೆ, ಆಗ ತಿದ್ದಲು ನಾನಿರುವುದಿಲ್ಲ.

ನನ್ನ ಕೈಗೆ ಬಂದಾಗ ಅದು ಗುರುವಾರ, ನವೆಂಬರ್ 14ಕ್ಕೆ ನಿಂತಿತ್ತು. ಅಧಿಕ ವರ್ಷ ಕಳೆದು ಎರಡನೆಯ ವರ್ಷವೆಂದು ಬಿಲ್ಲೆ ಹೇಳುತ್ತಿತ್ತು. ವಾರ, ದಿನಾಂಕ, ಬಿಲ್ಲೆ ಮೂರೂ ಒಟ್ಟಿಗೆ ಕೂಡಿಬರುವುದು ಇಪ್ಪತ್ತೆಂಟು ವರ್ಷಕ್ಕೊಮ್ಮೆ. ಕಾಗದ ಪೆನ್ಸಿಲ್ ಹಿಡಿದು ಕುಳಿತೆ: 1918, 1946, 1974, 2002. 1918 ಎಂದು ಮನಸ್ಸು ತಕ್ಷಣ ತೀರ್ಪು ಕೊಟ್ಟಿತು. ಮೊದಲ ಮಹಾಯುದ್ಧ ನಿಂತು ಆಗ ಮೂರೇ ದಿನ. ಯಾರೋ ಕೀ ಕೊಡುವುದನ್ನು ಮರೆತು ಬೀದಿಗೆ ಓಡಿರಬಹುದು. ಯಾವುದೋ ಮಗು ಉರುಳೆಗಳನ್ನು ಸುಮ್ಮನೆ ತಿರುಗಿಸಿರಬಹುದು ಎಂಬುದೂ ಹೊಳೆಯಿತು. ಆ ಮಗುವನ್ನು ಲೆಕ್ಕದಿಂದ ಹೊರಗಿಟ್ಟೆ.

ಈಗ ಎಣ್ಣೆ ಬಿಟ್ಟು, ಕೀ ಕೊಟ್ಟು ಗೋಡೆಗೆ ತೂಗುಹಾಕಿದ್ದೇನೆ. ಮೇಲಿನ ಡಯಲ್ ಸರಿಯಾದ ಗಂಟೆ ತೋರಿಸುತ್ತಿದೆ. ಕೆಳಗಿನದಕ್ಕೆ ತಂತಿಯನ್ನು ಇನ್ನೂ ಸಿಕ್ಕಿಸಿಲ್ಲ.