ನ್ಯೂ ಫಾರೆಸ್ಟಿನಲ್ಲಿ ಕಂಡ ನಮ್ಮ ಸೊಪ್ಪಿನ ಬೆಟ್ಟ

ಇಂಗ್ಲೆಂಡಿನ ಸೌತಾಂಪ್ಟನ್ನಿನ ನಮ್ಮ ಮನೆಯಿಂದ ನ್ಯೂ ಫಾರೆಸ್ಟ್ ಎಂಬ ಕಾಡಿಗೆ ಕಾರಿನಲ್ಲಿ ಅರ್ಧ ಗಂಟೆ. ಶಿರಸಿಯಿಂದ ಬಂದಿದ್ದ ಅಪ್ಪನನ್ನು ಆಗಸ್ಟಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು ಬಯಲೆಲ್ಲ ನೇರಳೆಯಾಗಿತ್ತು. ಅಪ್ಪನ ಕಣ್ಣು ಮಾತ್ರ ರಸ್ತೆ ಪಕ್ಕ ಮೇಯುತ್ತಿದ್ದ ಕುದುರೆಯ ಬಾಲದ ಮೇಲೆ.

"ತಮಾ, ಇದರ ಬಾಲದ ಕೂದಲು ಯಾಕೆ ಹೀಗೆ ಕತ್ತರಿಸಿದ್ದಾರೆ?"

ಅದು ರಸೀದಿ ಇದ್ದ ಹಾಗೆ ಅಂದೆ. ಆ ಕುದುರೆಗಳು ಕಾಡುಕುದುರೆಗಳಲ್ಲ, ಒಂದೊಂದಕ್ಕೂ ಯಜಮಾನರಿದ್ದಾರೆ. ವರ್ಷದ ಶುಲ್ಕ ಕಟ್ಟಿದರೆ ಅಜಿಸ್ಟರ್ ಎಂಬ ಮೇಲ್ವಿಚಾರಕ ಬಾಲದ ಕೂದಲು ಕತ್ತರಿಸುತ್ತಾನೆ. ಒಬ್ಬೊಬ್ಬ ಅಜಿಸ್ಟರನದು ಒಂದೊಂದು ಮಾದರಿ. ಮೇಯಿಸುವ ಹಕ್ಕು ಇರುವುದು ಮನುಷ್ಯನಿಗಲ್ಲ, ಅವನ ಮನೆಗೆ, ಜಮೀನಿಗೆ. ಶರತ್ಕಾಲದಲ್ಲಿ ಹಂದಿಗಳನ್ನೂ ಬಿಡುತ್ತಾರೆ. ಉದುರಿದ ಓಕ್ ಕಾಯಿ ಕುದುರೆ, ದನಗಳಿಗೆ ವಿಷ. ಹಂದಿ ಅದನ್ನು ತಿಂದು ಖಾಲಿ ಮಾಡುತ್ತದೆ.

"ನಮ್ಮ ಬೆಟ್ಟದ ಹಾಗೇ ಆಯ್ತಲ್ಲ!" ಅಂದ ಅಪ್ಪ.

ಹೌದು. ನಮ್ಮಲ್ಲಿ ಅಡಿಕೆ ತೋಟದ ಜೊತೆಗೇ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ಬರುತ್ತದೆ. ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ.

1079ರ ಹೊತ್ತಿಗೆ ವಿಲಿಯಂ ರಾಜ ತನ್ನ ಬೇಟೆಗೆಂದು ಮೀಸಲಿಟ್ಟ ಕಾಡು ನ್ಯೂ ಫಾರೆಸ್ಟ್. 2005ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ದನ, ಕುದುರೆಗಳನ್ನು ಹೊರಗೆ ಓಡಿಸಲಿಲ್ಲ. ಅವು ಮೇಯುವುದರಿಂದಲೇ ಹೆದರ್ ಬಯಲು ಪೊದೆ ಬೆಳೆದು ಮುಚ್ಚಿಹೋಗದೆ ಉಳಿದಿದೆ. ಕಾಡು ಉಳಿಯಬೇಕಾದರೆ ಊರವರು ದೂರ ಇರಬೇಕು ಅನ್ನುವ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಇಲ್ಲಿ ನೋಡಿದ ಮೇಲಂತೂ ಇಲ್ಲವೇ ಇಲ್ಲ.

ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಹೆಚ್ಚಿನ ರಸ್ತೆಗಳಿಗೆ ಬೇಲಿಯಿಲ್ಲ. ಗಂಟೆಗೆ 40 ಮೈಲಿಯ ಮಿತಿ ಇದ್ದರೂ ಪ್ರತಿ ವರ್ಷ ಕಾರಿಗೆ ಸಿಕ್ಕಿ ಕುದುರೆಗಳು ಸಾಯುತ್ತವೆ. ಆದರೆ ದೂರು ಹೇಳಿಕೊಳ್ಳಲು ಜಾಗವಿದೆ. ಲಿಂಡ್‌ಹರ್ಸ್ಟ್ ಊರಿನಲ್ಲಿ ಮೇಯಿಸುವ ಹಕ್ಕಿನ ವಿಷಯ ನೋಡಿಕೊಳ್ಳುವ ವರ್ಡರರ್ಸ್ ಕೋರ್ಟ್ ಅಂತ ಇದೆ. ಅದರ 10 ಜನರಲ್ಲಿ 5 ಮಂದಿಯನ್ನು ಮೇಯಿಸುವ ಹಕ್ಕಿನವರೇ ಆರಿಸುತ್ತಾರೆ. ಬಹುತೇಕ ಪ್ರತಿ ತಿಂಗಳೂ ಬಹಿರಂಗ ಸಭೆ. ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು.

ನನಗೆ ಹೊಟ್ಟೆ ಉರಿದದ್ದು ಇಲ್ಲೇ. ನಮ್ಮ ಬೆಟ್ಟದಲ್ಲಿ ಯಾರೋ ಹಸಿ ಮರ ಕಡಿದಾಗ ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದಿದ್ದ. ಕೊನೆಗೂ ಯಾರೂ ಕೂರಿಸಿ ಕೇಳಲಿಲ್ಲ. ನಮ್ಮಲ್ಲಿ ಹಕ್ಕೂ ಇದೆ, ಕಾಡಿನ ತಿಳಿವಳಿಕೆಯೂ ಜಾಸ್ತಿಯೇ ಇದೆ. ತಿಂಗಳಿಗೊಮ್ಮೆ ಎದುರುಬದುರು ಕೂತು ಕೇಳುವವರು ಬೇಕು.

ಊರಿಗೆ ಹೋದ ಮೇಲೆ ಅಪ್ಪ ಪಂಚಾಯಿತಿಗೆ ಕೊಡಲು ಒಂದು ಅರ್ಜಿ ಬರೆಯುತ್ತಿದ್ದಾನೆ. ಎರಡು ಪುಟ ಆಗಿದೆಯಂತೆ. ಕುದುರೆಯ ಬಾಲದ ವಿಷಯವನ್ನೂ ಸೇರಿಸಿದ್ದಾನೆ.